ಒದ್ದೆ ಬೇರೆ, ತೇವ ಬೇರೆ

ಇವತ್ತು ಬೆಳಿಗ್ಗೆ ಕರಿಬೇವಿನ ಕುಂಡಕ್ಕೆ ಹೊಸ ಮಣ್ಣು ಹಾಕೋಣವೆಂದು, ನರ್ಸರಿಯಿಂದ ತಂದಿಟ್ಟಿದ್ದ ತೆಂಗಿನ ನಾರಿನ ಇಟ್ಟಿಗೆಯನ್ನು ಬಕೆಟ್ಟಿನ ನೀರಿಗೆ ಹಾಕಿದೆ. ನೀವೂ ನೋಡಿರಬಹುದು. ನೋಡಲು ಇಟ್ಟಿಗೆಯಂತೆಯೇ ಇದ್ದು, ಕೈಯಲ್ಲಿ ಹಿಡಿದರೆ ಬ್ರೆಡ್ಡಿನಷ್ಟು ಹಗುರಾದ ಕಂದು ಗಟ್ಟಿ ಅದು. ನೀರು ಸೋಕಿದ ಸ್ವಲ್ಪ ಹೊತ್ತಿಗೆ ಮೈ ಸಡಿಲಿಸಿ ಉಬ್ಬತೊಡಗುತ್ತದೆ, ನೋಡನೋಡುತ್ತಿದ್ದಂತೆ ಬಕೆಟ್ಟು ತುಂಬಿಕೊಳ್ಳುತ್ತದೆ. ಆಗೊಂದು ವಾಸನೆ ಏಳುತ್ತದೆ. ಮಳೆ ಬಿದ್ದ ಮಣ್ಣಿನದೂ ಹೌದು, ಹಳೆಯ ಗೋಣಿಚೀಲದ್ದೂ ಹೌದು ಅನ್ನಿಸುವಂಥದು. ಕುಕ್ಕರುಗಾಲಿನಲ್ಲಿ ಕೂತಿದ್ದವನು ಎದ್ದು ಹೋಗುವುದನ್ನು ಮರೆತು ಹಾಗೇ ಕೂತುಬಿಟ್ಟೆ. ಕೆಲವು ವರ್ಷಗಳ ಹಿಂದೆ ಆ ವಾಸನೆ ನಮ್ಮ ಹಾಲಿನಲ್ಲೇ ವಾಸವಾಗಿತ್ತು. ಟೀವಿ ಇಡುತ್ತಿದ್ದ ಮೇಜಿನ ಮೇಲೆ ಒಂದು ಗಾಜಿನ ತೊಟ್ಟಿ, ತೊಟ್ಟಿಯಲ್ಲಿ ಮರಳಿನ ಜೊತೆ ಬೆರೆಸಿದ ಇದೇ ನಾರು, ಅದರೊಳಗೆ ಒಂದು ಏಡಿ. ಟೀವಿ ಮಂಚದ ಕೆಳಗೆ ಹೋಗಿತ್ತು.

ಏಡಿ ಸಾಕುವುದೆಂದರೆ ನಿಮಗೆ ನಗು ಬರಬಹುದು. ನಮಗೂ ಬರಬೇಕಿತ್ತು. ನಮ್ಮ ಕಡೆ ಏಡಿಗೆ ಇದ್ದದ್ದು ಒಂದೇ ಗತಿ, ಸಾರು. ನನ್ನ ತಾತ ಗದ್ದೆಯ ಬದುವಿನ ಬಿಲದೊಳಗೆ ಕೈ ಹಾಕಿ ಏಡಿ ಹಿಡಿಯುತ್ತಿದ್ದನಂತೆ. ಅಂಥವನ ಮೊಮ್ಮಗ ನಾನು, ಏಡಿಯೊಂದರ ಉಸಿರಾಟಕ್ಕೆ ತಕ್ಕ ಗಾಳಿ ಇದೆಯೋ ಇಲ್ಲವೋ ಎಂದು ಗಾಜಿಗೆ ಮೂಗು ಒತ್ತಿ ನೋಡುತ್ತಿದ್ದೆ.

ಆಗ ಮನೆಯಲ್ಲಿದ್ದವರು ಮೂವರು. ನಾನು ಮೈಸೂರಿನ ಹತ್ತಿರದ ಕಡಕೊಳದ ಒಂದು ಕಾರ್ಖಾನೆಯ ಸ್ಟೋರ್ಸಿನಲ್ಲಿದ್ದೆ. ಬಿಡಿಭಾಗಗಳಿಗೆ ತುಕ್ಕು ಹಿಡಿಯದಂತೆ, ಪೆಟ್ಟಿಗೆಗಳ ಒಳಗೆ ಪಸೆ ಸೇರದಂತೆ ನೋಡಿಕೊಳ್ಳುವುದು ನನ್ನ ಕೆಲಸ. ಹೊಸ ಬೂಟಿನ ಡಬ್ಬದಲ್ಲಿ ಬರುತ್ತದಲ್ಲ, ‘ತಿನ್ನಬೇಡಿ’ ಎಂದು ಬರೆದ ಪುಟ್ಟ ಹರಳಿನ ಪೊಟ್ಟಣ, ಅದು ನನ್ನ ಆಯುಧ. ಎರಡನೆಯವಳು ನನ್ನ ಹೆಂಡತಿ ಸುಜಾತ. ಅಶೋಕಪುರಂನ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಮಷಿನ್ ಇಟ್ಟುಕೊಂಡು ಬ್ಲೌಸು ಹೊಲಿಯುತ್ತಾಳೆ. ಮೂರನೆಯವಳು ನನ್ನ ಅಕ್ಕ ರತ್ನಮ್ಮ, ಬೀದಿಗೆಲ್ಲ ರತ್ನಕ್ಕ. ಆಸ್ಪತ್ರೆಯಲ್ಲಿ ನರ್ಸಾಗಿದ್ದು ನಿವೃತ್ತಳಾದವಳು. ಮದುವೆಯಾಗಲಿಲ್ಲ. ಹೂಟಗಳ್ಳಿಯಲ್ಲಿ ಒಂದು ಸಣ್ಣ ಸ್ವಂತ ಮನೆ ಕಟ್ಟಿಕೊಂಡಿದ್ದಳು. ಮಂಡಿ ಆಪರೇಷನ್ ಆದ ಮೇಲೆ ಮೆಟ್ಟಿಲು ಹತ್ತಿಳಿಯುವುದು ಕಷ್ಟವೆಂದು, ನಡೆಯಲು ಬರುವ ತನಕ ಇರುತ್ತೇನೆಂದು ನಮ್ಮಲ್ಲಿಗೆ ಬಂದಳು. ನಡೆಯಲು ಬಂದ ಮೇಲೂ ಇದ್ದಳು. ಹೋಗು ಎಂದು ನಾನು ಹೇಳಲಾರೆ, ಇರಿ ಎಂದು ಸುಜಾತ ಹೇಳಲಾರಳು.

ಯಾಕೆಂದರೆ ಇಬ್ಬರಿಗೂ ಮಾತಿರಲಿಲ್ಲ. ಜಗಳವೂ ಇರಲಿಲ್ಲ ಅನ್ನಿ, ಜಗಳವಾಡಲಿಕ್ಕೂ ಮಾತು ಬೇಕಲ್ಲ. ಊಟಕ್ಕೆ ಕೂತಾಗ ಸುಜಾತ, “ರೀ, ನಿಮ್ಮಕ್ಕಂಗೆ ಹೇಳಿ, ಮುದ್ದೆ ಆರೋಯ್ತದೆ” ಎನ್ನುವಳು. ಅಕ್ಕ ನನ್ನ ಎದುರಿಗೇ ಕೂತಿರುವಳು. “ತಿಂತಾ ಇವ್ನಿ ಅನ್ನು ಕಣೋ ಅವಳಿಗೆ” ಎನ್ನುವಳು. ನಾನು ಇಬ್ಬರಿಗೂ ಏನನ್ನೂ ಹೇಳಬೇಕಾಗಿರಲಿಲ್ಲ. ಸುಮ್ಮನೆ ತಲೆಯಾಡಿಸಿದರೆ ಕಾಗದ ಬಟವಾಡೆಯಾದಂತೆ. ಕೆಲಸವೇನೋ ಸುಲಭದ್ದೇ, ಆದರೆ ರಜೆಯಿಲ್ಲದ್ದು.

ಇದಕ್ಕೊಂದು ಹಿಂದಿನ ಕತೆ ಇತ್ತು. ಬಹಳ ವರ್ಷಗಳ ಹಿಂದೆ ಸುಜಾತಳ ತಾಯಿಯನ್ನು ಅಕ್ಕ ಕೆಲಸ ಮಾಡುತ್ತಿದ್ದ ವಾರ್ಡಿಗೇ ಸೇರಿಸಿದ್ದೆವು. ಉಬ್ಬಸ ಹೆಚ್ಚಾಗಿತ್ತು, ಆಮೇಲೆ ಇಳಿದಿತ್ತು. ಒಂದು ಸಂಜೆ ಸುಜಾತ ತಾಯಿಯ ಮಂಚದ ಪಕ್ಕದಲ್ಲೇ ಚಾಪೆ ಹಾಸಲು ಹೊರಟಾಗ ಅಕ್ಕ ಬಂದು, “ಇಲ್ಲಿ ಕೂತ್ಕೊಂಡು ಏನ್ ಮಾಡೀಯ? ಏನೂ ಆಗಲ್ಲ. ಮನೆಗೋಗಿ ಮಲ್ಕೊ, ಬೆಳಿಗ್ಗೆ ಬಾ” ಎಂದು ಕಳಿಸಿದಳು. ಸುಜಾತ ಮನೆಗೆ ಬಂದಳು. ಬೆಳಗಾಗುವ ಮೊದಲೇ ತಾಯಿ ತೀರಿಹೋಗಿದ್ದರು. ಸುಜಾತ ಅತ್ತದ್ದು ನನ್ನ ಮುಂದೆ ಒಂದೇ ಸಲ. ಆಗ ಅಂದ ಮಾತು ಇಷ್ಟೇ: “ಅವ್ರಿಗೆ ಗೊತ್ತಿತ್ತು ಕಣ್ರೀ. ದಿನಾ ಸಾಯೋರ್ನ ನೋಡೋರಿಗೆ ಗೊತ್ತಾಗಲ್ವಾ? ಗೊತ್ತಿದ್ದೂ ಕಳಿಸ್ಬುಟ್ರು.” ನಾನು ಅಕ್ಕನನ್ನು ಕೇಳಲಿಲ್ಲ. ಅಕ್ಕ ತಾನಾಗಿ ಹೇಳಲೂ ಇಲ್ಲ. ಹಬ್ಬಕ್ಕೆ, ಮದುವೆಗೆ, ಫೋನಿನ ಮಾತಿಗೆ ನಾನೇ ನಡುವೆ ನಿಂತುಕೊಂಡೆ. ಅದೇ ಅಭ್ಯಾಸವಾಯಿತು.

ಏಡಿ ಬಂದದ್ದು ಹೀಗೆ. ನಮ್ಮ ಬಡಾವಣೆಯ ಬುದ್ಧವಿಹಾರದ ಹೆಂಗಸರೆಲ್ಲ ಸೇರಿ ಒಂದು ಬಸ್ಸು ಮಾಡಿಕೊಂಡು ಕಡಲು ನೋಡಲು ಹೊರಟರು. ಸುಜಾತ ಹೆಸರು ಕೊಟ್ಟಳು. ಅವಳು ಕೊಟ್ಟದ್ದು ಗೊತ್ತಿಲ್ಲದೆ ಅಕ್ಕನೂ ಕೊಟ್ಟಳು. ಒಬ್ಬಳು ಡ್ರೈವರನ ಹಿಂದೆ, ಇನ್ನೊಬ್ಬಳು ಕೊನೆಯ ಸೀಟಿನಲ್ಲಿ ಕೂತು ಹೋಗಿ ಬಂದರು. ಇಬ್ಬರ ಕೈಯಲ್ಲೂ ಒಂದೊಂದು ಪ್ಲಾಸ್ಟಿಕ್ ಚೀಲ, ಎರಡರಲ್ಲೂ ಕಪ್ಪೆಚಿಪ್ಪು, ಸುರುಳಿ ಚಿಪ್ಪು, ಮರಳು. ಸುಜಾತಳಿಗೆ ಅದನ್ನು ಬಾಗಿಲ ತೋರಣಕ್ಕೆ ಪೋಣಿಸುವ ಯೋಚನೆ. ಅಕ್ಕನಿಗೆ ಯಾವ ಯೋಚನೆಯೂ ಇದ್ದಂತಿರಲಿಲ್ಲ, ಎಲ್ಲರೂ ಆರಿಸುತ್ತಿದ್ದರು, ಅವಳೂ ಆರಿಸಿದ್ದಳು. ನಾನು ಉಪಕಾರ ಮಾಡಹೊರಟು ಎರಡೂ ಚೀಲಗಳನ್ನು ಒಂದೇ ಬೇಸಿನ್ನಿಗೆ ಸುರಿದು ತೊಳೆದು, ಹಾಲಿನ ಮೂಲೆಯಲ್ಲಿ ಪೇಪರ್ ಹಾಸಿ ಹರಡಿಬಿಟ್ಟೆ.

ಮಾರನೆಯ ಬೆಳಿಗ್ಗೆ ಅಡಿಗೆಮನೆಯಿಂದ ಸುಜಾತ ಕೂಗಿಕೊಂಡಳು.

“ರೀ! ಚಿಪ್ಪು ನಡೀತದೆ!”

“ನಿದ್ದೆಗಣ್ಣಾಗವ್ಳೇನೋ ನೋಡು” ಎಂದಳು ಅಕ್ಕ ನನಗೆ. ಆಮೇಲೆ ಕೋಲೂರಿಕೊಂಡು ತಾನೂ ಬಂದಳು.

ಅಕ್ಕಿಯ ಡ್ರಮ್ಮಿನ ಪಕ್ಕದಲ್ಲಿ, ನಿಂಬೆಹಣ್ಣಿನಷ್ಟಿದ್ದ ಒಂದು ಸುರುಳಿ ಚಿಪ್ಪು ನಿಜವಾಗಿಯೂ ನಡೆಯುತ್ತಿತ್ತು. ನಾನು ಬಗ್ಗಿದೊಡನೆ ನಿಂತು, ಕಾಲುಗಳನ್ನೆಲ್ಲ ಒಳಗೆಳೆದುಕೊಂಡು, ನೇರಳೆ ಬಣ್ಣದ ಒಂದು ದೊಡ್ಡ ಕೊಂಡಿಯನ್ನು ಬಾಗಿಲಿನಂತೆ ಅಡ್ಡ ಇಟ್ಟುಕೊಂಡಿತು. ಇದು ಯಾರ ಚೀಲದಲ್ಲಿ ಬಂತು ಎಂಬ ಪ್ರಶ್ನೆ ಎದ್ದಿತು. ಮೊದಲ ದಿನ ಇಬ್ಬರೂ ನನ್ನದಲ್ಲ ಎಂದರು. ವಾರ ಕಳೆಯುವಷ್ಟರಲ್ಲಿ ಇಬ್ಬರೂ ನನ್ನದೇ ಎನ್ನತೊಡಗಿದ್ದರು. ಎರಡನ್ನೂ ಹೇಳಿದ್ದು ನನಗೇ.

ಇದಕ್ಕೆ ಕನ್ನಡದಲ್ಲಿ ಸನ್ಯಾಸಿ ಏಡಿ ಎನ್ನುತ್ತಾರೆಂದು ಅಕ್ಕ ಮೊಬೈಲಿನಲ್ಲಿ ಹುಡುಕಿ ತೆಗೆದಳು. ಸತ್ತ ಶಂಖದ ಹುಳುವಿನ ಮನೆಯಲ್ಲಿ ಇರುತ್ತದೆ, ಮೈ ಬೆಳೆದಂತೆ ದೊಡ್ಡ ಮನೆ ಹುಡುಕಿಕೊಂಡು ಹೋಗುತ್ತದೆ, ಒಂಟಿಯಾಗಿರಲು ಒಪ್ಪುವುದಿಲ್ಲ, ತಿನ್ನುವುದರಲ್ಲಿ ಸಂಕೋಚವಿಲ್ಲ. ಇದರಲ್ಲಿ ಸನ್ಯಾಸ ಎಲ್ಲಿದೆಯೋ ನಾನು ಕಾಣೆ. ಆದರೂ ಹೆಸರು ನಿಂತಿತು. ಇಲಿಗೆಂದು ಬೆಕ್ಕು ಸಾಕಲು ಹೋಗಿ, ಬೆಕ್ಕಿಗೆಂದು ಹಸು ಕಟ್ಟಿ, ಕೊನೆಗೆ ಸಂಸಾರವನ್ನೇ ಹೂಡಿದ ಸನ್ಯಾಸಿಯ ಕತೆ ನಿಮಗೆ ಗೊತ್ತಲ್ಲ. ನಮ್ಮ ಮನೆಯಲ್ಲಿ ಸನ್ಯಾಸಿಯನ್ನು ಸಾಕಲು ಹೋಗಿ ಅದೇ ಆಯಿತು. ಮೊದಲು ಕಡಲಿನ ಜೀವ ಎಂದು ಬಕೆಟ್ಟಿನಲ್ಲಿ ಉಪ್ಪುನೀರು ಮಾಡಿ ಬಿಟ್ಟೆವು. ಅದು ಬಕೆಟ್ಟಿನ ಗೋಡೆ ಹತ್ತಲು ನೋಡಿ ನೋಡಿ ಜಾರಿ ಬೀಳುತ್ತಿತ್ತು. ಆಟವಾಡುತ್ತಿದೆ ಎಂದುಕೊಂಡೆ. ಸಾಕುವ ಬಣ್ಣದ ಮೀನು ಮಾರುವ ಅಂಗಡಿಯವನನ್ನು ಕೇಳಿದಾಗ ಅವನು ಗಾಬರಿಯಾದ.

“ಫಸ್ಟು ಆಚೆ ತೆಗೀರಿ ಸಾರ್! ಇದು ನೆಲದ ಮೇಲಿರೋ ಜಾತಿ, ಮುಳುಗಿಸಿದ್ರೆ ಸಾಯ್ತದೆ. ಆದ್ರೆ ಉಸಿರಾಡೋದು ಕಿವಿರಲ್ಲೇ, ಮೀನಿನ ಥರ. ಗಾಳಿ ಒಣಗಿದ್ರೂ ಉಸಿರು ಕಟ್ಟಿ ಸಾಯ್ತದೆ.”

“ಹಾಗಾದ್ರೆ ಏನ್ ಮಾಡ್ಬೇಕಪ್ಪ?”

“ಗಾಳೀಲೇ ನೀರಿರ್ಬೇಕು ಸಾರ್” ಎಂದ ಅವನು. ಹಾಗೆಂದು ಗಾಜಿನ ತೊಟ್ಟಿ, ಅದರ ಮೇಲಿಡುವ ಗಾಜಿನ ಮುಚ್ಚಳ, ಮರಳು, ತೆಂಗಿನ ನಾರು, ಸಮುದ್ರದ ಉಪ್ಪು, ಎರಡು ಪುಟ್ಟ ಬಟ್ಟಲು, ಗಾಳಿಯ ತೇವ ತೋರಿಸುವ ಒಂದು ಮೀಟರು, ಎಲ್ಲವನ್ನೂ ಕಟ್ಟಿಕೊಟ್ಟ. ಮುಂದೆ ಯಾರಾದರೂ ಕಡಲ ಕಡೆ ಹೋಗುವಾಗ ಕಳಿಸಿದರಾಯಿತು, ಅಲ್ಲಿಯ ತನಕ ಬದುಕಿರಲಿ ಎನ್ನುವುದಷ್ಟೇ ನಮ್ಮ ಲೆಕ್ಕ.

ಮೈಸೂರಿನ ಹವೆಯ ಬಗ್ಗೆ ನಮಗೆಲ್ಲ ಒಂದು ಜಂಬವಿದೆ. ಸೆಕೆ ಇಲ್ಲ, ಬೆವರಿಲ್ಲ, ಸಂಜೆ ತಂಗಾಳಿ. ಆ ಜಂಬವನ್ನು ಒಂದು ಏಡಿ ಇಳಿಸಿತು. ಮಾರ್ಚ್ ಬಂದರೆ ನಮ್ಮ ಗಾಳಿ ಹಪ್ಪಳದಂತಾಗುತ್ತದೆಂಬುದು ನನಗೆ ಗೊತ್ತಾದದ್ದೇ ಆಗ. ಮೀಟರಿನಲ್ಲಿ ಎಂಬತ್ತರ ಆಸುಪಾಸು ಇರಬೇಕೆಂದು ಅಂಗಡಿಯವನು ಹೇಳಿದ್ದ. ಮುಚ್ಚಳ ಸ್ವಲ್ಪ ಸರಿದಿದ್ದರೂ ಮಧ್ಯಾಹ್ನದ ಹೊತ್ತಿಗೆ ಅರವತ್ತಕ್ಕೆ ಇಳಿಯುತ್ತಿತ್ತು. ಗಾಜು ಒಣಗಿ ಸ್ವಚ್ಛವಾಗಿ ಹೊಳೆಯುವುದು ಕೆಟ್ಟ ಲಕ್ಷಣ, ಗಾಜಿನ ಒಳಮೈಯಲ್ಲಿ ತೆಳ್ಳಗೆ ಮಂಜು ಕಟ್ಟಿದ್ದರೆ ಒಳ್ಳೆಯದು. ಜೀವಮಾನವೆಲ್ಲ ತೇವವನ್ನು ಹೊರಗಿಡುವ ಕೆಲಸಕ್ಕೆ ಸಂಬಳ ತೆಗೆದುಕೊಂಡವನು, ಮನೆಗೆ ಬಂದು ಬೂಟು ಬಿಚ್ಚುವ ಮೊದಲೇ ಗಾಜಿನ ಮೇಲೆ ತೇವ ಇದೆಯೇ ಎಂದು ನೋಡುವವನಾದೆ.

ಕ್ರಮೇಣ ಮೀಟರು ವಿಚಿತ್ರವಾಗಿ ಆಡತೊಡಗಿತು. ನಾನು ಬೆಳಿಗ್ಗೆ ಒಂದು ಸಲ ನೀರು ಸಿಂಪಡಿಸಿ ಕೆಲಸಕ್ಕೆ ಹೊರಟರೆ, ಲೆಕ್ಕಕ್ಕೆ ಸಂಜೆ ಅದು ಇಳಿದಿರಬೇಕು. ಇಳಿಯುವುದಿರಲಿ, ತೊಂಬತ್ತೈದು ದಾಟಿರುತ್ತಿತ್ತು. ಹಗಲೆಲ್ಲ ಒಣಬಿಸಿಲು ಕಾದ ದಿನವೂ ಹಾಗೆಯೇ. ಬ್ಯಾಟರಿ ಬದಲಾಯಿಸಿದೆ. ಆಮೇಲೆ ಅಂಗಡಿಗೆ ಹೋಗಿ ಮೀಟರು ಕೆಟ್ಟಿದೆ ಎಂದು ತಕರಾರು ತೆಗೆದೆ. ಅವನು ಮಾತಾಡದೆ ಇನ್ನೊಂದು ಕೊಟ್ಟ. ಎರಡನ್ನೂ ಅಕ್ಕಪಕ್ಕ ಇಟ್ಟೆ. ಎರಡೂ ಒಂದೇ ಮಾತು ಹೇಳಿದವು. ಒಂದು ಮೀಟರು ಸುಳ್ಳು ಹೇಳಬಹುದು, ಎರಡೂ ಸೇರಿ ಯಾಕೆ ಹೇಳುತ್ತವೆ ಎಂದು ಯೋಚಿಸುತ್ತಾ ಕೂತೆ. ಮನೆಯಲ್ಲಿ ಇನ್ನೂ ಇಬ್ಬರು ಇದ್ದಾರೆಂಬುದು ಮಾತ್ರ ಹೊಳೆಯಲಿಲ್ಲ.

ಒಂದು ಭಾನುವಾರ ತೊಟ್ಟಿಯಿಂದ ಕೊಳೆತ ಮೊಟ್ಟೆಯಂಥ ವಾಸನೆ ಬಂತು. ಪಕ್ಕದಿಂದ ಬಗ್ಗಿ ನೋಡಿದರೆ ಮರಳಿನ ತಳದಲ್ಲಿ ಕಪ್ಪಗೆ ನೀರು ನಿಂತಿತ್ತು, ಮೇಲೆ ಅಲ್ಲಲ್ಲಿ ಬಿಳಿ ಬೂಷ್ಟು. ಸನ್ಯಾಸಿ ಒಳಗಿದ್ದ ಮರದ ಕೊರಡಿನ ತುತ್ತತುದಿಗೆ ಹತ್ತಿ, ಮುಚ್ಚಳಕ್ಕೆ ತಾಗುವಂತೆ ನೇತುಬಿದ್ದಿತ್ತು. ಊರಿಗೆ ನೀರು ನುಗ್ಗಿದಾಗ ಮಾಳಿಗೆ ಹತ್ತಿ ಕೂತವರ ಹಾಗೆ. ಮುಟ್ಟಿದರೆ ಕಾಲು ಎಳೆದುಕೊಳ್ಳುವುದೂ ನಿಧಾನವಾಗಿತ್ತು. ನಾನು “ಇದ್ಯಾಕೆ ಹಿಂಗಾಯ್ತು?” ಎಂದು ಗಟ್ಟಿಯಾಗಿ ಅಂದುಕೊಂಡೆನೆಂದು ಕಾಣುತ್ತದೆ. ಸ್ನಾನ ಮುಗಿಸಿದ ಅಕ್ಕ ಬಚ್ಚಲ ಕಡೆಯಿಂದ ಬಂದಳು, ಕೈಯಲ್ಲಿ ನೀರು ಚಿಮುಕಿಸುವ ಬಾಟಲಿ. ಅದೇ ಹೊತ್ತಿಗೆ ಸುಜಾತ ಹೊಲಿಗೆಯ ಕೋಣೆಯಿಂದ ಬಂದಳು. ಅವಳ ಕೈಯಲ್ಲಿ ಇಸ್ತ್ರಿಯ ಬಟ್ಟೆಗೆ ನೀರು ಹೊಡೆಯುವ ಬಾಟಲಿ. ಮೇಜಿನ ಆಚೆ ಈಚೆ ನಿಂತು ಇಬ್ಬರೂ ಒಬ್ಬರ ಬಾಟಲಿಯನ್ನು ಇನ್ನೊಬ್ಬರು ನೋಡಿದರು.

“ನೀವೂ ಹೊಡೀತಿದ್ರಾ?” ಸುಜಾತ ಕೇಳಿದಳು. ನನ್ನನ್ನಲ್ಲ.

“ಸ್ನಾನ ಆದ್ಮೇಲೆ ಒಂದ್ಸಲ” ಎಂದಳು ಅಕ್ಕ. “ನೀನು?”

“ಮಧ್ಯಾಹ್ನ. ಗಾಜು ಒಣಗಿರ್ತದಲ್ಲ, ಪಾಪ ಅಂತ.”

“ಸಂಜೆ ಕಾಫಿ ಕುಡಿಯೋ ಮುಂಚೆನೂ ಹೊಡೀತಿದ್ದೆ ಕಣೆ ನಾನು.”

“ನಾನು ಕುಡಿದ್ಮೇಲೆ.”

ನಾನು ಬೆಳಿಗ್ಗೆ ಹೊಡೆಯುತ್ತಿದ್ದುದನ್ನು ಹೇಳಲು ಬಾಯಿ ತೆರೆದೆ. ಇಬ್ಬರೂ ನನ್ನ ಕಡೆ ನೋಡದ್ದರಿಂದ ಮುಚ್ಚಿಕೊಂಡೆ. ಅಷ್ಟು ವರ್ಷಗಳಲ್ಲಿ ಅವರಿಬ್ಬರ ನಡುವೆ ನೇರವಾಗಿ ಹೋಗಿಬಂದ ಮೊದಲ ಮಾತುಗಳು ಅವು.

ಮುಂದಿನದೆಲ್ಲ ಚಕಚಕನೆ ಆಯಿತು. ಅಕ್ಕ ತನ್ನ ಪೆಟ್ಟಿಗೆಯಿಂದ ದಪ್ಪ ಸಿರಿಂಜನ್ನೂ, ರೋಗಿಗಳಿಗೆ ಮೂಗಿನಿಂದ ಗಂಜಿ ಇಳಿಸುವಂಥ ತೆಳ್ಳನೆಯ ನಳಿಕೆಯನ್ನೂ ತೆಗೆದಳು. ನಿವೃತ್ತಳಾದವಳು ಅದನ್ನೆಲ್ಲ ಯಾಕೆ ಇಟ್ಟುಕೊಂಡಿದ್ದಳೋ. ನಳಿಕೆಯನ್ನು ಮೂಲೆಯಲ್ಲಿ ತಳದ ತನಕ ಇಳಿಸಿ ಕಪ್ಪು ನೀರನ್ನು ಎಳೆದೆಳೆದು ಬಕೆಟ್ಟಿಗೆ ಬಿಟ್ಟಳು. ಸನ್ಯಾಸಿಯನ್ನು ಒದ್ದೆ ಬಟ್ಟೆ ಹಾಸಿದ ಪಾತ್ರೆಗೆ ವರ್ಗಾಯಿಸಿದ್ದಾಯಿತು. ಕೆಟ್ಟ ಮರಳನ್ನು ಎಸೆದು ಹೊಸದನ್ನು ಕಲಸಬೇಕಾದಾಗ, ಎಷ್ಟು ನೀರು ಎಂದು ನಾನು ಅಳತೆಯ ಲೋಟ ಹುಡುಕಿದೆ. ಸುಜಾತ ನನ್ನನ್ನು ಸರಿಸಿ ತಾನೇ ಕೂತಳು.

“ರಾಗಿ ಮೊಳಕೆ ಕಟ್ತೀವಲ್ಲ, ಆ ಬಟ್ಟೆ ಇದ್ದಂಗಿರ್ಬೇಕು” ಎಂದು ಮರಳು ನಾರುಗಳ ಮೇಲೆ ಬೊಗಸೆಯಿಂದ ನೀರು ತಟ್ಟಿದಳು. ಒಂದು ಹಿಡಿ ತೆಗೆದು ಅದುಮಿದಳು. ಉಂಡೆಯಾಗಿ ನಿಂತಿತು, ಬೆರಳ ಸಂದಿಯಲ್ಲಿ ಹನಿ ಇಳಿಯಲಿಲ್ಲ. “ನೋಡಿ, ಹಿಂಡಿದ್ರೆ ತೊಟ್ಟಿಕ್ಕಬಾರದು. ಒದ್ದೆ ಬೇರೆ, ತೇವ ಬೇರೆ. ಒದ್ದೇಲಿ ಕಾಳು ಕೊಳೀತದೆ, ತೇವದಲ್ಲಿ ಮೊಳಿತದೆ.”

ಅಕ್ಕ ಸಿರಿಂಜು ತೊಳೆಯುತ್ತಿದ್ದವಳು ಬಂದು ಒಂದು ಹಿಡಿ ತೆಗೆದುಕೊಂಡು ತಾನೂ ಅದುಮಿ ನೋಡಿದಳು. “ಸರಿಯಾಗೇ ಅದೆ” ಎಂದಳು. ಅಕ್ಕನ ಬಾಯಲ್ಲಿ ಅದು ದೊಡ್ಡ ಮಾತು.

ಅಲ್ಲಿಂದ ಮುಂದೆ ಒಂದು ಏರ್ಪಾಟಾಯಿತು. ನೀರನ್ನು ಮೇಲಿಂದ ಸುರಿಯುವಂತಿಲ್ಲ. ನಲ್ಲಿಯ ನೀರಿನಲ್ಲಿ ಬ್ಲೀಚಿಂಗ್ ಪೌಡರ್ ಇರುತ್ತದೆಂದು ಅದನ್ನು ಹಿಂದಿನ ದಿನವೇ ಹಿಡಿದಿಟ್ಟು, ಅದನ್ನು ಕಳೆಯಲು ಅಂಗಡಿಯವನು ಕೊಟ್ಟ ಔಷಧಿ ಬೆರೆಸಿ, ಆಮೇಲೆ ಬಳಸುವುದು. ಗಾಜಿನ ಮುಚ್ಚಳವನ್ನು ಬೆರಳು ತೂರುವಷ್ಟು ಸರಿಸಿ ಬಿಡುವುದು. ಮೀಟರು ಇಳಿದರೆ ಗಾಜಿಗೆ ಮಾತ್ರ ಹನಿ, ಏರಿದರೆ ಮುಚ್ಚಳ ಇನ್ನಷ್ಟು ಸರಿಸುವುದು. ಹಾಕಿದವರು ಹಾಕಿದೆ ಎಂದು ಇನ್ನೊಬ್ಬರಿಗೆ ಹೇಳುವುದು. ಈ ಕೊನೆಯದನ್ನು ಯಾರೂ ನಿಯಮ ಮಾಡಲಿಲ್ಲ. ಆದರೆ ಹೇಳದಿದ್ದರೆ ಏಡಿ ಮುಳುಗುತ್ತದೆಂದು ಇಬ್ಬರಿಗೂ ಗೊತ್ತಾಗಿತ್ತು. “ಹೊಡ್ದಿದೀನಿ ಕಣೆ.” “ಸರಿ.” ಮನೆಯಲ್ಲಿ ದಿನಕ್ಕೆ ಇಷ್ಟು ಮಾತು ಹೊಸದಾಗಿ ಸೇರಿತು. ಮುದ್ದೆ, ಕಾಫಿಗಳ ವಿಷಯ ಎಂದಿನಂತೆ ನನ್ನ ಮೂಲಕವೇ ಬರುತ್ತಿತ್ತು.

ಕೆಲವು ದಿನಗಳಾದ ಮೇಲೆ ಸನ್ಯಾಸಿ ಕಾಣೆಯಾಯಿತು. ಮರಳಿನ ಒಂದು ಮೂಲೆ ಕೆದರಿದಂತಿತ್ತು, ಅಷ್ಟೇ ಗುರುತು. ಅಂಗಡಿಯವನಿಗೆ ಫೋನು ಮಾಡಿದೆ. ಪೊರೆ ಬಿಡಲು ಒಳಗೆ ಹೋಗಿದೆ ಎಂದ. ಹಾವಿನಂತೆ ಇದಕ್ಕೂ ಪೊರೆ. ಹಳೆಯ ಗಟ್ಟಿ ಮೈಯನ್ನು ಕಳಚಿ, ಹೊಸ ಮೈ ಬಲಿಯುವ ತನಕ ಮರಳಿನೊಳಗೆ ಗೂಡು ಮಾಡಿಕೊಂಡು ಮೆತ್ತಗೆ ಬಿದ್ದಿರುತ್ತದೆ. ಮರಳು ಒಣಗಿದರೆ ಗೂಡು ಕುಸಿಯುತ್ತದೆ, ನೀರು ನಿಂತರೆ ಒಳಗೇ ಮುಳುಗುತ್ತದೆ. “ಅಗೆದು ಮಾತ್ರ ನೋಡ್ಬೇಡಿ ಸಾರ್, ನೋಡಿದ್ರೆ ಸಾಯ್ತದೆ” ಎಂದ. ಎಷ್ಟು ದಿನ ಎಂದು ಕೇಳಿದೆ. ವಾರಗಳೂ ಆಗಬಹುದು, ತಿಂಗಳುಗಳೂ ಆಗಬಹುದು.

ಕಾಯುವುದೆಂದರೆ ಕಾಣುವುದೊಂದನ್ನು ಕಾಯಬಹುದು. ಕಾಣದ್ದನ್ನು ಕಾಯುವುದು ಬೇರೆಯೇ ಕಷ್ಟ. ತೊಟ್ಟಿಯಲ್ಲಿ ನೋಡಲು ಮರಳು ಬಿಟ್ಟು ಏನೂ ಇರಲಿಲ್ಲ. ಅದರೊಳಗೆ ಇರುವುದು ಏಡಿಯೋ ಏಡಿಯ ಹೆಣವೋ ತಿಳಿಯುವಂತಿರಲಿಲ್ಲ. ಏಪ್ರಿಲ್ ಕಳೆದು ಮೇ ಬಂತು. ಬಂದ ನೆಂಟರು, “ಇದೇನು, ಗಿಡ ನೆಟ್ಟಿದೀರಾ?” ಎನ್ನುತ್ತಿದ್ದರು. ಬ್ಲೌಸಿಗೆ ಅಳತೆ ಕೊಡಲು ಬಂದವರಿಗೆ ಸುಜಾತ, “ಒಳಗೆ ಅದೆ, ಮಲಗ್ಕೊಂಡದೆ” ಎಂದು ದನಿ ತಗ್ಗಿಸಿ ಹೇಳುವುದನ್ನು ನಾನು ಕೇಳಿದ್ದೇನೆ. ನನಗೇನೋ ಅದು ಸತ್ತಿದೆ ಎಂದೇ ಅನ್ನಿಸಿತ್ತು. ಹೇಳಲಿಲ್ಲ.

ಒಂದು ಸಂಜೆ ಅಕ್ಕ ಕುರ್ಚಿ ಎಳೆದುಕೊಂಡು ತೊಟ್ಟಿಯ ಮುಂದೆ ಕೂತಿದ್ದಳು. ಸುಜಾತ ಕೆಲಸ ಮುಗಿಸಿ, ಸೆರಗಿಗೆ ಅಂಟಿದ ದಾರದ ತುಣುಕುಗಳನ್ನು ಕೀಳುತ್ತಾ ಬಂದು ನಿಂತಳು. ನಾನು ಪೇಪರ್ ಓದುತ್ತಿದ್ದೆ.

“ಬದುಕಿರ್ತದಾ?” ಸುಜಾತ ಕೇಳಿದಳು.

ನಾನು ಅಕ್ಕನ ತೀರ್ಪಿಗೆ ಕಾದೆ. ಅಕ್ಕ ಹುಟ್ಟಿದಾಗಿನಿಂದ ತೀರ್ಪು ಕೊಡುತ್ತಾ ಬಂದವಳು. ಜ್ವರವೋ, ಕಾಲು ಉಳುಕಿದ್ದೋ, ಮಾವಿನಕಾಯಿ ಹಣ್ಣಾಗುವುದೋ, “ಏನೂ ಇಲ್ಲ, ನಾಳಿದ್ದಿಗೆ ಸರಿಹೋಯ್ತದೆ” ಎಂದರೆ ಮುಗಿಯಿತು. ಅವಳು ಕನ್ನಡಕ ಏರಿಸಿಕೊಂಡು ಮರಳನ್ನು ನೋಡಿದಳು.

“ಗೊತ್ತಿಲ್ಲ ಕಣೆ” ಎಂದಳು.

“ನಿಮಗೆ ಗೊತ್ತಾಗ್ದೆ ಇರೋದೂ ಉಂಟಾ?”

ಸುಜಾತ ಅದನ್ನು ಮೆಲ್ಲಗೇ ಕೇಳಿದಳು. ಆದರೆ ಅದು ಏಡಿಯ ಮಾತಲ್ಲವೆಂದು ನನಗೆ ಕೂಡ ತಿಳಿಯಿತು. ಎದ್ದು ಹೋಗೋಣವೆಂದರೆ ಬಾಗಿಲು ಅವರಿಬ್ಬರ ಆಚೆಗಿತ್ತು. ಅಕ್ಕ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡಳು.

“ನಿಮ್ಮಮ್ಮಂದೂ ಗೊತ್ತಾಗ್ಲಿಲ್ಲ ಸುಜಾತ” ಎಂದಳು ಆಮೇಲೆ. “ಚೆನ್ನಾಗೇ ಇದ್ರು. ಎದ್ದು ಕೂತಿದ್ರು. ತಲೆ ಬಾಚು ಅಂದ್ರು, ಬಾಚ್ದೆ. ನೀನು ಮೂರು ದಿನದಿಂದ ನಿದ್ದೆಗೆಟ್ಟು ಕೂತಿದ್ದೆ, ಒಂದು ರಾತ್ರಿ ಮಲಗ್ಲಿ ಅಂತ ಕಳಿಸ್ದೆ. ಗೊತ್ತಿದ್ದಿದ್ರೆ ಕಳಿಸ್ತಿದ್ನಾ?”

ಸುಜಾತ ದಾರ ಕೀಳುವುದನ್ನು ನಿಲ್ಲಿಸಿದ್ದಳು. “ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ?”

“ಏನಂತ ಹೇಳ್ಲಿ? ಅಷ್ಟು ವರ್ಷ ವಾರ್ಡಲ್ಲಿದ್ದೋಳಿಗೆ ಗೊತ್ತಾಗ್ಲಿಲ್ಲ ಅಂತ್ಲಾ? ನೀನು ನಂಗೆ ಗೊತ್ತಿತ್ತು ಅನ್ಕೊಂಡಿದ್ದೆ. ಕೆಟ್ಟೋಳು ಅನ್ಕೊಂಡ್ರೆ ಅನ್ಕೊಳ್ಲಿ, ಅದೇ ವಾಸಿ ಅಂತ ಬುಟ್ಬುಟ್ಟೆ.”

ಸುಜಾತ ಒಳಗೆ ಹೋದಳು. ಹೊಲಿಗೆ ಮಷಿನ್ ಸ್ವಲ್ಪ ಹೊತ್ತು ಓಡಿದ ಸದ್ದು ಕೇಳಿತು, ನಿಂತಿತು. ಅಕ್ಕ ಕುರ್ಚಿಯಲ್ಲೇ ಇದ್ದಳು. ನಾನು ಒಂದೇ ಸುದ್ದಿಯನ್ನು ಮತ್ತೆ ಮತ್ತೆ ಓದುತ್ತಿದ್ದೆ. ಕತ್ತಲಾಗುವ ಹೊತ್ತಿಗೆ ಸುಜಾತ ಹೊರಬಂದು ದೀಪ ಹಾಕಿದಳು. ಕಣ್ಣು ಕೆಂಪಾಗಿತ್ತು. ತೊಟ್ಟಿಯ ಮುಚ್ಚಳ ಸರಿಸಿ, ಏಡಿ ಇಲ್ಲದ ಮೂಲೆಯಿಂದ ಒಂದು ಚಿಟಿಕೆ ಮರಳು ತೆಗೆದು ಬೆರಳಲ್ಲಿ ಉಜ್ಜಿ ನೋಡಿದಳು.

“ಇವತ್ತು ಹೊಡೆಯೋದ್ಬೇಡ” ಎಂದಳು. “ಸಾಕಷ್ಟದೆ.” ತುಸು ತಡೆದು, “ಏಳಿ ಅಕ್ಕ, ಅಷ್ಟೊತ್ತು ಕಾಲು ಇಳಿಬಿಟ್ಕೊಂಡು ಕೂತ್ರೆ ಮಂಡಿ ಊತ ಬತ್ತದೆ” ಎಂದಳು.

ಅಷ್ಟೇ. ಅದಕ್ಕಿಂತ ಹೆಚ್ಚಿನದು ನನ್ನೆದುರು ನಡೆಯಲಿಲ್ಲ. ನಾನು ಮನೆಯಲ್ಲಿ ಇಲ್ಲದಾಗ ಏನಾದರೂ ಆಡಿಕೊಂಡರೋ ತಿಳಿಯದು. ನಾನು ಕೆಲಸಕ್ಕೆ ಹೋಗುತ್ತಿದ್ದೆನಲ್ಲ. ಆದರೆ ಜೂನ್ ಬಂದು, ಆಕಾಶ ಮೋಡ ಮುಚ್ಚಿ, ಮೀಟರು ತನ್ನಷ್ಟಕ್ಕೆ ಎಂಬತ್ತರ ಹತ್ತಿರ ನಿಲ್ಲತೊಡಗಿದಾಗ ನನಗೆ ಮಾಡಲು ಎರಡು ಕೆಲಸಗಳು ಕಡಿಮೆಯಾಗಿದ್ದವು. ಗಾಜಿಗೆ ನೀರು ಹೊಡೆಯುವುದು ಒಂದು. ಊಟದ ಹೊತ್ತಿನ ಬಟವಾಡೆ ಇನ್ನೊಂದು.

ಸನ್ಯಾಸಿ ಎದ್ದದ್ದು ಅಂಥ ಒಂದು ಸೋನೆಮಳೆಯ ಬೆಳಿಗ್ಗೆ. ನಾನು ಹಲ್ಲುಜ್ಜುತ್ತಿದ್ದೆ.

“ಅಕ್ಕಾ! ಬನ್ನಿ, ಬನ್ನಿ, ಎದ್ದದೆ!”

ಸುಜಾತ ನನ್ನನ್ನು ಕರೆಯಲಿಲ್ಲ. ಅಕ್ಕ ಕೋಲು ಮರೆತು ಓಡಿದಳು. ಬಾಯಲ್ಲಿ ನೊರೆ ತುಂಬಿಕೊಂಡು ನಾನು ಕೊನೆಗೆ ತಲುಪಿದೆ. ಮರಳಿನ ಮೇಲೆ ಒಂದು ಕುಳಿ, ಕುಳಿಯ ಅಂಚಿನಲ್ಲಿ ನಮ್ಮ ಏಡಿ. ಕಾಲುಗಳು ತೊಳೆದಿಟ್ಟಂತೆ ಹೊಸದಾಗಿದ್ದವು, ಮೊದಲಿಗಿಂತ ತೆಳು ನೇರಳೆ. ತುದಿಯಲ್ಲಿ ನೀಲಿಯ ಛಾಯೆ. ಉಪ್ಪುನೀರಿನ ಬಟ್ಟಲಿನ ತನಕ ನಿಧಾನವಾಗಿ ನಡೆದು, ಒಂದು ಕಾಲನ್ನು ಅದ್ದಿ, ನಿಂತಿತು. ಇಬ್ಬರು ಹೆಂಗಸರೂ ಮೇಜಿಗೆ ಮೊಣಕೈ ಊರಿ, ತಲೆಗೆ ತಲೆ ತಾಗುವಂತೆ ಬಗ್ಗಿ ನೋಡುತ್ತಿದ್ದರು. ನನಗೆ ನೋಡಲು ಜಾಗವಿರಲಿಲ್ಲ.

“ದಪ್ಪ ಆಗಿದೆ ಅಲ್ವಾ ಅಕ್ಕ?”

“ಬಡ್ಡಿಮಗಂದು, ಎಷ್ಟು ಆಟ ಆಡಿಸ್ತು” ಎಂದಳು ಅಕ್ಕ, ಕಣ್ಣೊರೆಸಿಕೊಳ್ಳುತ್ತಾ. ಎಂದೋ ಕಣ್ಣಿನ ಆಪರೇಷನ್ ಆದಾಗಿನಿಂದ ತನಗೆ ಸುಮ್ಮನೆ ನೀರು ಬರುತ್ತದೆಂದು ನನಗೆ ವಿವರಿಸಿದಳು. ನಾನು ಕೇಳಿರಲಿಲ್ಲ.

ಮುಂದಿನ ಚಳಿಗಾಲದಲ್ಲಿ ವಿಹಾರದವರು ಮತ್ತೆ ಬಸ್ಸು ಮಾಡಿದಾಗ ಸನ್ಯಾಸಿಯನ್ನು ಬಿಟ್ಟು ಬಂದೆವು. ಆ ಸಲ ನನ್ನನ್ನೂ ಕರೆದುಕೊಂಡು ಹೋದರು. ದಾರಿಯುದ್ದಕ್ಕೂ ಅದು ಒದ್ದೆ ನಾರು ತುಂಬಿದ ಡಬ್ಬದಲ್ಲಿ, ಒಂದೇ ಸೀಟಿನಲ್ಲಿ ಕೂತ ಅವರಿಬ್ಬರ ತೊಡೆಗಳ ಮೇಲೆ ಸರದಿಯಂತೆ ಇತ್ತು. ಅಲೆ ಬರುವ ಕಡೆಗಲ್ಲ, ಮೇಲಿನ ದಂಡೆಯಲ್ಲಿ ಬಳ್ಳಿ ಹಬ್ಬಿದ ನೆರಳಿನಲ್ಲಿ ಬಿಡಬೇಕು. ಅಕ್ಕನ ಕೋಲು ಮರಳಿನಲ್ಲಿ ಹೂತುಕೊಳ್ಳುತ್ತಿತ್ತು. ಸುಜಾತ ಅವಳ ತೋಳು ಹಿಡಿದುಕೊಂಡು ನಡೆಸಿದಳು. ಮೂವರ ಚಪ್ಪಲಿಗಳನ್ನೂ ಹಿಡಿದು ನಾನು ಹಿಂದೆ ಹೋದೆ. ಬಳ್ಳಿಯ ಕೆಳಗೆ ಇಟ್ಟಾಗ ಅದು ಸ್ವಲ್ಪ ಹೊತ್ತು ಬಾಗಿಲು ಹಾಕಿಕೊಂಡೇ ಇತ್ತು. ಆಮೇಲೆ ಮೀಸೆ ಹೊರಗೆ ಚಾಚಿ ಗಾಳಿ ನೋಡಿತು. ಹೊರಟಿತು. ಹೊರಟದ್ದು ಎಲೆಗಳ ಅಡಿಗೆ ಹೋಗಿಯೇಬಿಟ್ಟಿತು.

“ಒಂದ್ಸಲ ತಿರುಗಿ ನೋಡ್ಲಿಲ್ಲ ನೋಡಿ ಅಕ್ಕ” ಎಂದಳು ಸುಜಾತ.

“ಸನ್ಯಾಸಿ ಅಲ್ವೇನೆ” ಎಂದಳು ಅಕ್ಕ.

ಇಬ್ಬರೂ ನಕ್ಕರು. ನಗುತ್ತಾ ಅಲ್ಲೇ ಇನ್ನೂ ಸ್ವಲ್ಪ ಹೊತ್ತು ನಿಂತಿದ್ದರು.

ಅದಾಗಿ ಕೆಲವು ತಿಂಗಳಿಗೆ ಅಕ್ಕ ಹೂಟಗಳ್ಳಿಯ ತನ್ನ ಮನೆಗೆ ಹೋದಳು. ಇಲ್ಲೇ ಇರಿ ಎಂದು ಸುಜಾತ ಬಾಯಿಬಿಟ್ಟು ಹೇಳಿದಳು. ಆದರೂ ಹೋದಳು, ತನ್ನ ಮನೆ ತನಗೆ ಎಂದು. ಈಗ ವಾರದಲ್ಲಿ ಒಂದು ದಿನ ಸುಜಾತ ಅಲ್ಲಿಗೆ ಹೋಗಿ ಬರುತ್ತಾಳೆ. ಇವತ್ತೂ ಬೆಳಿಗ್ಗೆಯೇ ಹೋಗಿದ್ದಳು. ನಾನು ಬಕೆಟ್ಟಿನ ಮುಂದೆ ಹೀಗೆ ಕೂತಿರುವಾಗ ಫೋನು ಬಂತು.

“ರೀ, ಅಕ್ಕಂಗೆ ಜ್ವರ. ನಾನಿವತ್ತು ಬರಲ್ಲ, ಇಲ್ಲೇ ಇರ್ತೀನಿ. ಸಾರು ಫ್ರಿಜ್ಜಲ್ಲದೆ, ಬಿಸಿ ಮಾಡ್ಕೊಳ್ಳಿ.”

“ಡಾಕ್ಟರ್ ಹತ್ರ ಕರ್ಕೊಂಡು ಹೋಗಿದ್ಯಾ? ನಾನೂ ಬರ್ಲಾ?”

ಅತ್ತ ಕಡೆ ಫೋನು ಕೈ ಬದಲಾಯಿತು. “ನೀನ್ ಬಂದು ಏನ್ ಮಾಡೀಯ?” ಅಕ್ಕನ ದನಿ ಕ್ಷೀಣವಾಗಿತ್ತು, ಗತ್ತು ಹಾಗೆಯೇ ಇತ್ತು. “ಡಾಕ್ಟ್ರಿಗೆ ತೋರ್ಸಾಯ್ತು. ಸುಜಾತ ಅವಳೆ ನನ್ನತ್ರ. ಬರ್ಬೇಡ ಸುಮ್ನೆ.” ಹಿಂದೆ ಸುಜಾತ, “ಬಾಯಲ್ಲಿ ಥರ್ಮಾಮೀಟರ್ ಇಟ್ಕೊಂಡು ಮಾತಾಡ್ಬೇಡಿ” ಎಂದು ಗದರುವುದು ಕೇಳಿಸಿತು. ಅಕ್ಕನನ್ನು ಗದರಿದವರನ್ನು ನಾನು ಈ ತನಕ ಕಂಡಿರಲಿಲ್ಲ.

ಇಂಥ ಹೊತ್ತಿನಲ್ಲಿ ಬೇಡ ಎಂದರೆ ಸರಿ ಎಂದು ಮನೆಯಲ್ಲೇ ಉಳಿಯುವುದು ನನ್ನ ಸ್ವಭಾವ. ಇವತ್ತು ಯಾಕೋ ಕೈ ತೊಳೆದು, ಅಂಗಿ ಹಾಕಿಕೊಂಡು, ಬೀದಿ ಕೊನೆಯ ಬೇಕರಿಯಲ್ಲಿ ರಸ್ಕು ಕಟ್ಟಿಸಿಕೊಂಡು ಬಸ್ಸು ಹತ್ತಿದೆ.

ಇದನ್ನು ಬರೆಯುತ್ತಿರುವುದು ಅಕ್ಕನ ಮನೆಯ ಹೊರಗಿನ ಕೋಣೆಯಲ್ಲಿ ಕೂತು. ಯಾಕೆ ಬಂದೆ ಎಂದು ಇಬ್ಬರೂ ಒಂದೊಂದು ಸಲ ಕೇಳಿದರು, ರಸ್ಕು ತೆಗೆದುಕೊಂಡರು. ಈಗ ಒಳಗೆ ಅಕ್ಕ ಮಲಗಿದ್ದಾಳೆ. ಸುಜಾತ ಮಂಚದ ಪಕ್ಕದ ಕುರ್ಚಿಯಲ್ಲಿ ಕೂತು ಯಾರದೋ ಬ್ಲೌಸಿಗೆ ಹುಕ್ಕು ಹಾಕುತ್ತಿದ್ದಾಳೆ. ಆಗಾಗ ಸೂಜಿ ಬಿಟ್ಟು ಅಕ್ಕನ ಹಣೆಯ ಮೇಲೆ ಕೈಯಿಟ್ಟು ನೋಡುತ್ತಾಳೆ. ಈಗಷ್ಟೇ ಬಾಗಿಲ ತನಕ ಎದ್ದು ಬಂದಳು.

“ಬೆವರ್ತಾ ಅವ್ರೆ” ಎಂದಳು, ಅಂಗೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾ. “ಜ್ವರ ಬುಡ್ತದೆ.”